ಚುನಾವಣೆಯ ವಂತಿಗೆ ಊರಲ್ಲೇ ಎತ್ತಿದರೆ ಹೈಕಮಾಂಡಿನ ಹಿಡಿತ ಸಡಿಲವಾಗುತ್ತದೆಯೇ?

ಘಟ್ಟದ ಅಂಚು, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಚುನಾವಣೆಯ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ‘ಟಿಕೆಟ್ ಯಾರಿಗೆ’ ಎಂಬ ಪ್ರಶ್ನೆ, ಅದರ ಬೆನ್ನಿಗೇ ‘ಅವರ ಹತ್ತಿರ ದುಡ್ಡಿದೆಯೇ’ ಎಂಬ ಪ್ರಶ್ನೆ. ಸೊಸೈಟಿಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ ಒಳ್ಳೆಯ ಹೆಸರು ಗಳಿಸಿದ ಎಷ್ಟೋ ಜನ ಈ ಎರಡನೆಯ ಪ್ರಶ್ನೆಗೇ ಹೆದರಿ ಹಿಂದೆ ಸರಿಯುತ್ತಾರೆ. 2022ರ ಕೊನೆಯಲ್ಲಿ ರಾಜ್ಯ ಕಾಂಗ್ರೆಸ್ ವಿಧಾನಸಭಾ ಟಿಕೆಟ್ ಆಕಾಂಕ್ಷಿಗಳಿಂದ ಅರ್ಜಿಯ ಜೊತೆ 2 ಲಕ್ಷ ರೂಪಾಯಿ, ಪರಿಶಿಷ್ಟರಿಂದ 1 ಲಕ್ಷ ರೂಪಾಯಿ ಕೇಳಿತ್ತು. ಒಂದು ಪಕ್ಷವನ್ನು ದೂರಲು ಇದನ್ನು ಹೇಳುತ್ತಿಲ್ಲ. ಅಧಿಕಾರ ಇರುವ ಕಡೆಗೇ ಹಣವೂ ಏರುತ್ತದೆ, ಅಲ್ಲಿಂದ ಮನಸ್ಸು ಬಂದವರಿಗೆ ಮಾತ್ರ ಇಳಿದು ಬರುತ್ತದೆ ಎಂಬುದಕ್ಕೆ ಕಣ್ಣೆದುರಿನ ಉದಾಹರಣೆ ಎಂದು ಹೇಳುತ್ತಿದ್ದೇನೆ.

ವಿಧಾನಸಭೆಗೆ ಅಭ್ಯರ್ಥಿಯ ಖರ್ಚಿನ ಮಿತಿ ಈಗ 40 ಲಕ್ಷ. ನಾಲ್ಕು ಸಾವಿರ ಮನೆಗಳು ಸಾವಿರ ರೂಪಾಯಿಯಂತೆ ಕೊಟ್ಟರೆ ಆ ಮೊತ್ತ ತುಂಬುತ್ತದೆ. ಯಕ್ಷಗಾನಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಶತಮಾನೋತ್ಸವಕ್ಕೆ ಮನೆಮನೆಯಿಂದ ವಂತಿಗೆ ಎತ್ತಿ ರಸೀದಿ ಕೊಟ್ಟು ಲೆಕ್ಕ ಓದಿಹೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಬದುಕಿದೆ. ಅದೇ ರೀತಿ ಅಭ್ಯರ್ಥಿಗೂ ಊರೇ ಹಣ ಕೂಡಿಸಿದರೆ ಆತ ಊರಿನ ಮಾತಿಗೆ ಬದ್ಧನಾಗುತ್ತಾನೆ, ಬೆಂಗಳೂರು ಮತ್ತು ದೆಹಲಿಯ ಮಾತಿಗಲ್ಲ ಎಂಬುದು ನನ್ನ ನಂಬಿಕೆ. ನಿಮಗೇನನ್ನಿಸುತ್ತದೆ?

ಕೋಡಿಬಾಗದ ಓದುಗ, ಕಾರವಾರ

ಆಶಯ ಒಳ್ಳೆಯದು, ಆದರೆ 40 ಲಕ್ಷದ ಲೆಕ್ಕ ಅರ್ಧ ಸತ್ಯ ಮಾತ್ರ. ಆ ಮಿತಿ ಅಭ್ಯರ್ಥಿಗೆ ಇದೆಯೇ ಹೊರತು ಪಕ್ಷದ ಖರ್ಚಿಗೆ ಯಾವ ಮಿತಿಯೂ ಇಲ್ಲ. ಪಕ್ಷ ಮಾಡಿದ ವೆಚ್ಚವನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 1974ರಲ್ಲಿ ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ಹೇಳಿತ್ತು. ಆ ತೀರ್ಪು ಹಳೆಯದಾಗುವ ಮೊದಲೇ ಜನಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ತಂದು ಪಕ್ಷದ ವೆಚ್ಚವನ್ನು ಹೊರಗಿಟ್ಟರು. ಹೀಗಾಗಿ ಊರಿನವರು ಕಷ್ಟಪಟ್ಟು 40 ಲಕ್ಷ ಕೂಡಿಸಿದರೂ ಎದುರಿನವನ ಬೆನ್ನಿಗೆ ಪಕ್ಷದ ಖಜಾನೆ ಮಿತಿಯಿಲ್ಲದೆ ನಿಂತಿರುತ್ತದೆ. ಲೆಕ್ಕಕ್ಕೆ ಬಾರದ ಹಣದ ಮಾತನ್ನು ನಾನು ಇನ್ನೂ ಎತ್ತಿಯೇ ಇಲ್ಲ.

ಸಿದ್ದಾಪುರದ ಹಿರಿಯ

ಇದನ್ನು ಹೊಸ ಆಲೋಚನೆ ಎಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಗಡಿಯಾಚೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಮರುವರ್ಷದ ಮೊದಲ ಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಗೆದ್ದರು. ‘ಒಂದು ವೋಟು, ಒಂದು ನೋಟು’ ಎಂದು ಜನರನ್ನು ಕೇಳಿದವರೆಂದೇ ನಮ್ಮ ತಲೆಮಾರು ಅವರನ್ನು ನೆನೆಯುತ್ತದೆ. ಉಳುವವನು ಒಂದು ರೂಪಾಯಿ ಕೊಟ್ಟ ಮೇಲೆ ಆ ಚುನಾವಣೆ ಅವನದೂ ಆಗುತ್ತಿತ್ತು. ಆದರೆ ಅದೇ ಗೋಪಾಲಗೌಡರು 1957ರಲ್ಲಿ ಸೋತರು ಎಂಬುದನ್ನೂ ಹೇಳಬೇಕು; ಜನರ ಹಣ ಗೆಲುವಿಗೆ ಖಾತರಿ ಕೊಡುವುದಿಲ್ಲ.

ಇನ್ನೂ ಹಿಂದೆ ಹೋದರೆ, 1920ರ ನಾಗಪುರ ಅಧಿವೇಶನದ ಬಳಿಕ ಕಾಂಗ್ರೆಸ್ ಸದಸ್ಯತ್ವಕ್ಕೆ ನಾಲ್ಕಾಣೆ ವಂತಿಗೆ ಗೊತ್ತುಮಾಡಲಾಯಿತು, ಮರುವರ್ಷ ತಿಲಕ್ ಸ್ವರಾಜ್ ನಿಧಿಗೆ ಒಂದು ಕೋಟಿ ರೂಪಾಯಿ ಕೂಡಿತು. ಮುಂದೆ ಅಂಕೋಲಾ, ಸಿದ್ದಾಪುರದ ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡವರು ದೊಡ್ಡ ದೇಣಿಗೆ ನೀಡುವ ಸಿರಿವಂತರಾಗಿರಲಿಲ್ಲ. ನಾಲ್ಕಾಣೆ ಕೊಟ್ಟವನಿಗೆ ಪಕ್ಷದ ಸಮಿತಿ ಆರಿಸುವ ಹಕ್ಕೂ ಇತ್ತು ಎಂಬುದು ಈ ಚರ್ಚೆಗೆ ಬಹಳ ಮುಖ್ಯ.

ಅಘನಾಶಿನಿ ತೀರ, ಕುಮಟಾ

ಹಿರಿಯರು ಕೊನೆಯಲ್ಲಿ ಹೇಳಿದ ಮಾತೇ ಇಡೀ ವಿಷಯದ ಕೀಲಿ. ಅಮೆರಿಕದಲ್ಲಿ ಸಣ್ಣ ದೇಣಿಗೆಯಿಂದ ಪಕ್ಷದ ನಾಯಕತ್ವದ ಬಲ ಕುಗ್ಗಿದ್ದು ಹೇಗೆಂದು ನೋಡಿ. 2003ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಟಿಕೆಟ್ ಆಕಾಂಕ್ಷಿ ಹೊವಾರ್ಡ್ ಡೀನ್ ಅಂತರ್ಜಾಲದ ಮೂಲಕ ಸಣ್ಣ ಮೊತ್ತಗಳನ್ನು ಕೂಡಿಸಿ ಪಕ್ಷದ ದೊಡ್ಡವರನ್ನು ಬೆಚ್ಚಿಬೀಳಿಸಿದರು. 2004ರಲ್ಲಿ ಆಕ್ಟ್‌ಬ್ಲೂ ಎಂಬ ವೇದಿಕೆ ಬಂತು. ಅಲ್ಲಿ ದಾನಿ ತನ್ನ ಹಣವನ್ನು ಪಕ್ಷದ ಕಚೇರಿಯ ಕೈ ಸೋಕಿಸದೆ ನೇರವಾಗಿ ತನಗೆ ಬೇಕಾದ ಅಭ್ಯರ್ಥಿಗೆ ಕಳುಹಿಸಬಹುದು. 2016ರಲ್ಲಿ ಅದೇ ಪಕ್ಷದ ಅಧ್ಯಕ್ಷೀಯ ಟಿಕೆಟ್‌ಗೆ ಸ್ಪರ್ಧಿಸಿದ ಬರ್ನಿ ಸ್ಯಾಂಡರ್ಸ್ ಸರಾಸರಿ 27 ಡಾಲರ್ ದೇಣಿಗೆಯ ಮಾತನ್ನು ಪ್ರತಿ ಸಭೆಯಲ್ಲೂ ಹೇಳುತ್ತ, ಪಕ್ಷದ ಹಿರಿಯರೆಲ್ಲ ಎದುರು ನಿಂತಿದ್ದರೂ ಕೊನೆಯವರೆಗೆ ಕಣದಲ್ಲಿ ಉಳಿದರು. ಅವರು ಸೋತರು, ಆದರೆ 2018ರಲ್ಲಿ ಡೆಮಾಕ್ರಟಿಕ್ ಪಕ್ಷವು ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆಯಲ್ಲಿ ಪಕ್ಷದ ಹಿರಿಯರಿಗಿದ್ದ ‘ಸೂಪರ್ ಡೆಲಿಗೇಟ್’ ಮತಕ್ಕೆ ಮೊದಲ ಸುತ್ತಿನಲ್ಲಿ ಕಡಿವಾಣ ಹಾಕಬೇಕಾಯಿತು.

ಅಲ್ಲಿ ಇದು ಸಾಧ್ಯವಾದದ್ದು ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಸಾಮಾನ್ಯ ಮತದಾರ ಮತ ಹಾಕುತ್ತಾನೆ ಎಂಬ ಕಾರಣಕ್ಕೆ. ಹಣ ಮತ್ತು ಆಯ್ಕೆ, ಎರಡೂ ಕೆಳಗಿನವರ ಕೈಯಲ್ಲಿ ಇರುತ್ತವೆ.

ಬನವಾಸಿ ರಸ್ತೆ

ಇಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿ ಎಂಬ ಬಿ ಫಾರಂ ಕೊಡುವವರು ಬೇರೆ, ಮತ ಕೊಡುವವರು ಬೇರೆ.

ಕೋಡಿಬಾಗದ ಓದುಗ, ಕಾರವಾರ

ಬನವಾಸಿ ರಸ್ತೆಯವರು ಒಂದೇ ಸಾಲಿನಲ್ಲಿ ಹೇಳಿದ್ದನ್ನು ನಮ್ಮ ಉತ್ತರ ಕನ್ನಡ ಲೋಕಸಭಾ ಕ್ಷೇತ್ರವೇ ಸಾಬೀತುಪಡಿಸಿದೆ. 2024ರಲ್ಲಿ ಆರು ಬಾರಿ ಗೆದ್ದಿದ್ದ ಸಂಸದರನ್ನು ಬಿಜೆಪಿ ಬದಲಿಸಿತು, ಕಾಂಗ್ರೆಸ್ ಖಾನಾಪುರದ ಮಾಜಿ ಶಾಸಕಿಯನ್ನು ನಿಲ್ಲಿಸಿತು. ಎರಡೂ ತೀರ್ಮಾನಗಳು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಎರಡೂ ಪಕ್ಷಗಳಲ್ಲಿ ಜಿಲ್ಲೆಯ ಕಾರ್ಯಕರ್ತರು ಮತ ಹಾಕಿ ಮಾಡಿದ ಆಯ್ಕೆ ಅದಾಗಿರಲಿಲ್ಲ. ಹೀಗಿರುವಾಗ ನಾವು ಎತ್ತಿದ ವಂತಿಗೆ ಮೇಲಿನವರ ಖರ್ಚನ್ನು ಉಳಿಸುತ್ತದೆಯೇ ಹೊರತು ಅವರ ಅಧಿಕಾರವನ್ನು ಕಡಿಮೆ ಮಾಡುವುದಿಲ್ಲ.

ಯಲ್ಲಾಪುರ ಘಟ್ಟ

ಸಣ್ಣ ದೇಣಿಗೆ ಎಂದೊಡನೆ ಅದು ಜನರ ಕಡೆಗಿದೆ ಎಂದು ನಂಬುವುದು ಅಪಾಯ. ಬಿಜೆಪಿ 2021ರ ಡಿಸೆಂಬರ್ 25ರಿಂದ ನಮೋ ಆ್ಯಪ್ ಮೂಲಕ 5 ರೂಪಾಯಿಯಿಂದ 1,000 ರೂಪಾಯಿವರೆಗಿನ ಕಿರುದೇಣಿಗೆ ಸಂಗ್ರಹಿಸಿತು. ಕಾಂಗ್ರೆಸ್ 2023ರ ಡಿಸೆಂಬರ್‌ನಲ್ಲಿ ‘ಡೊನೇಟ್ ಫಾರ್ ದೇಶ್’ ಎಂದು 138, 1,380, 13,800 ರೂಪಾಯಿಗಳನ್ನು ಕೇಳಿತು. ಎರಡೂ ಕಡೆ ಕೊಟ್ಟವರು ಸಾಮಾನ್ಯರೇ ಇದ್ದಿರಬಹುದು, ಆದರೆ ಹಣ ಬಿದ್ದದ್ದು ಕೇಂದ್ರದ ಖಾತೆಗೆ. ಶಿರಸಿಯ ಬೂತ್ ಅಧ್ಯಕ್ಷನಿಗಾಗಲಿ ಜೋಯಿಡಾದ ಕಾರ್ಯಕರ್ತೆಗಾಗಲಿ ಅದರಿಂದ ಒಂದು ಕಾಸಿನ ಅಧಿಕಾರವೂ ಸಿಗಲಿಲ್ಲ. ಬದಲಿಗೆ ಮೇಲಿನ ನಾಯಕನಿಗೆ ಜಿಲ್ಲಾ ಘಟಕದ ಹಂಗೇ ಇಲ್ಲದೆ ನೇರವಾಗಿ ಮನೆಮನೆಯ ಹೆಸರು, ಫೋನ್ ನಂಬರು ಸಿಕ್ಕಿತು. ನನ್ನ ದೃಷ್ಟಿಯಲ್ಲಿ ಇದು ಹೈಕಮಾಂಡನ್ನು ಇನ್ನಷ್ಟು ಬಲಪಡಿಸುವ ವಿಧಾನ.

ಆಮ್ ಆದ್ಮಿ ಪಕ್ಷದ ಕಥೆಯೂ ಇಲ್ಲಿ ಪ್ರಸ್ತುತ. 2012ರಲ್ಲಿ ಹುಟ್ಟಿದಾಗ ದಾನಿಗಳ ಪಟ್ಟಿಯನ್ನು ಜಾಲತಾಣದಲ್ಲಿ ಹಾಕುತ್ತಿದ್ದ ಪಕ್ಷ 2016ರಲ್ಲಿ ಆ ಪಟ್ಟಿಯನ್ನು ತೆಗೆಯಿತು. ಕೊಟ್ಟವರಿಗೆ ಪಕ್ಷದೊಳಗೆ ಕೇಳುವ ಹಕ್ಕಿಲ್ಲದಿದ್ದರೆ ಪಾರದರ್ಶಕತೆ ನಾಯಕತ್ವದ ಮರ್ಜಿಗೆ ಬಿಟ್ಟದ್ದಾಗುತ್ತದೆ.

ಘಟ್ಟದ ಅಂಚು, ಶಿರಸಿ

ಯಲ್ಲಾಪುರದವರ ಮಾತಿನಿಂದ ನನ್ನ ಪ್ರಶ್ನೆ ಹರಿತವಾಯಿತು. ಹಾಗಿದ್ದರೆ ‘ಸಣ್ಣ ಮೊತ್ತ’ ಎಂಬುದು ಮುಖ್ಯವಲ್ಲ, ‘ಖಾತೆ ಯಾರ ಹೆಸರಿನಲ್ಲಿದೆ’ ಎಂಬುದು ಮುಖ್ಯ. ಹೆಸರು ಬಹಿರಂಗವಾಗದಂತೆ ಪಕ್ಷಗಳಿಗೆ ಹಣ ಕೊಡಲು ಇದ್ದ ಚುನಾವಣಾ ಬಾಂಡ್‌ಗಳಲ್ಲಿಯೂ 1,000 ರೂಪಾಯಿಯ ಬಾಂಡ್ ಇತ್ತು, ಆದರೆ ಮಾರಾಟವಾದ ಮೌಲ್ಯದ ಬಹುಪಾಲು 1 ಕೋಟಿಯ ಬಾಂಡ್‌ಗಳದ್ದು. ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಆ ಯೋಜನೆಯನ್ನು ರದ್ದುಪಡಿಸಿದ ಮೇಲಾದರೂ ಪಕ್ಷಗಳು ಕೆಳಗಿನಿಂದ ಹಣ ಕೂಡಿಸುವ ದಾರಿ ಹುಡುಕಬೇಕಿತ್ತು.

ಬೂತ್ ಹುಡುಗ, ಅಂಕೋಲಾ

ನಾನು ಒಂದು ಪಕ್ಷದಲ್ಲಿ ಬೂತ್ ಮಟ್ಟದ ಕೆಲಸ ಮಾಡಿದವನು, ಪಕ್ಷದ ಹೆಸರು ಇಲ್ಲಿ ಬೇಡ. ಹಣದಿಂದ ವಿಧೇಯತೆ ಹೇಗೆ ಹುಟ್ಟುತ್ತದೆ ಎಂಬುದನ್ನು ಹೇಳುತ್ತೇನೆ. ಪ್ರಚಾರದ ಪೂರ್ತಿ ಅವಧಿಯಲ್ಲಿ ನಮ್ಮ ಕೈಯಿಂದಲೇ ಚಹಾ, ಪೆಟ್ರೋಲು, ಊಟದ ಖರ್ಚು ಹೋಗುತ್ತದೆ. ಕೊನೆಯ ದಿನಗಳಲ್ಲಿ ಮೇಲಿನಿಂದ ಒಬ್ಬ ‘ಉಸ್ತುವಾರಿ’ ಬರುತ್ತಾರೆ, ಯಾವ ಬೂತಿಗೆ ಎಷ್ಟು ಎಂಬುದನ್ನು ಅವರೇ ನಿರ್ಧರಿಸುತ್ತಾರೆ. ತಾಲ್ಲೂಕು ಅಧ್ಯಕ್ಷರಿಗೂ ಆ ಲೆಕ್ಕ ಗೊತ್ತಿರುವುದಿಲ್ಲ. ನಾಲ್ಕು ಜನರ ಎದುರು ಅಭ್ಯರ್ಥಿಯ ಬಗ್ಗೆ ತಕರಾರು ತೆಗೆದವನ ಬೂತಿಗೆ ಹಣ ತಡವಾಗಿ ತಲುಪುತ್ತದೆ. ಮುಂದಿನ ಸಲ ಯಾರೂ ತಕರಾರು ತೆಗೆಯುವುದಿಲ್ಲ. ಬೂತಿನ ಖರ್ಚನ್ನು ಬೂತಿನವರೇ ಕೂಡಿಸಿಕೊಂಡ ಕಡೆ ಉಸ್ತುವಾರಿಯ ದನಿ ಮೆತ್ತಗಾದದ್ದನ್ನೂ ಕಂಡಿದ್ದೇನೆ. ಆದ್ದರಿಂದ ಅಧಿಕಾರ ಸ್ವಲ್ಪವೂ ಸರಿಯುವುದಿಲ್ಲ ಎಂಬ ಕೋಡಿಬಾಗದವರ ಮಾತನ್ನು ಒಪ್ಪಲಾರೆ.

ಶರಾವತಿ ದಂಡೆಯ ಅಕ್ಕ, ಹೊನ್ನಾವರ

ತಮ್ಮಾ, ನೀನು ಹೇಳಿದ್ದು ನಿಜ. ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ನಾನು ಗ್ರಾಮ ಪಂಚಾಯಿತಿಗೆ ನಿಂತವಳು. ನಮ್ಮ ರಾಜ್ಯದಲ್ಲಿ ಆ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ ಬಿ ಫಾರಂ ಎಂಬುದೇ ಇಲ್ಲ, ಹೈಕಮಾಂಡೂ ಇಲ್ಲ. ಕರಪತ್ರದ ಖರ್ಚನ್ನು ಸ್ವಸಹಾಯ ಸಂಘದ ಹೆಂಗಸರು ಕೊಟ್ಟರು, ರಿಕ್ಷಾದವರು ಬಾಡಿಗೆ ಕೇಳಲಿಲ್ಲ. ಗೆದ್ದ ಮೇಲೆ ಕುಡಿಯುವ ನೀರಿನ ವಿಷಯದಲ್ಲಿ ಸಭೆಯಲ್ಲಿ ಎದ್ದು ಮಾತಾಡುವ ಧೈರ್ಯ ನನಗೆ ಬಂದದ್ದು ಅವರಿಂದ, ಏಕೆಂದರೆ ಯಾರ ಮುಲಾಜೂ ಇರಲಿಲ್ಲ.

ಆದರೆ ಅದೇ ಚುನಾವಣೆಯಲ್ಲಿ ಕಾಮಗಾರಿ ಗುತ್ತಿಗೆ ಮಾಡುವ ಒಬ್ಬರು ದೊಡ್ಡ ಮೊತ್ತವನ್ನು ಹತ್ತಾರು ಕೂಲಿಯವರ ಹೆಸರಿನಲ್ಲಿ ಚೂರುಚೂರಾಗಿ ಕೊಡಲು ಬಂದಿದ್ದರು. ನಾನು ತೆಗೆದುಕೊಳ್ಳಲಿಲ್ಲ. ಹೊರಗಿನಿಂದ ನೋಡಿದವರಿಗೆ ಅದೂ ಜನರ ವಂತಿಗೆಯಂತೆಯೇ ಕಾಣುತ್ತಿತ್ತು. ಇನ್ನೂ ಒಂದು ಮಾತು: ಊರಲ್ಲಿ ವಂತಿಗೆ ಕೇಳಲು ಹೋಗುವವರು ಯಾರು, ಯಾವ ಕೇರಿಗೆ ಹೋಗುತ್ತಾರೆ, ಯಾವ ಕೇರಿಯನ್ನು ಬಿಡುತ್ತಾರೆ? ಕೊಡಲಾಗದ ಮನೆಯವರ ಮಾತಿಗೆ ಆಮೇಲೆ ಬೆಲೆ ಇರುತ್ತದೆಯೇ? ದೆಹಲಿಯ ಹಿಡಿತ ಹೋಗಿ ಊರಿನ ನಾಲ್ಕು ದೊಡ್ಡ ಮನೆಗಳ ಹಿಡಿತ ಬರುವುದಾದರೆ ನನ್ನಂಥವಳಿಗೆ ಅದರಿಂದ ಏನೂ ಲಾಭವಿಲ್ಲ.

ಸಿದ್ದಾಪುರದ ಹಿರಿಯ

ಹೊನ್ನಾವರದ ಅಕ್ಕನವರ ಪ್ರಶ್ನೆಗೆ ಸಹಕಾರ ಸಂಘದ ನಿಯಮದಲ್ಲಿ ಒಂದು ಉತ್ತರವಿದೆ. ಅಲ್ಲಿ ಒಬ್ಬ ಸದಸ್ಯನ ಶೇರು ಎಷ್ಟೇ ಇರಲಿ, ಮತ ಒಂದೇ. ವಂತಿಗೆಗೂ ಅದೇ ನಿಯಮ ಇರಲಿ: ಹತ್ತು ರೂಪಾಯಿ ಕೊಟ್ಟವರಿಗೂ ಹತ್ತು ಸಾವಿರ ಕೊಟ್ಟವರಿಗೂ ಅಭ್ಯರ್ಥಿಯ ಆಯ್ಕೆಯಲ್ಲಿ ಒಂದೇ ಮತ, ಒಬ್ಬರಿಂದ ಇಂತಿಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬ ಮೇಲ್ಮಿತಿ. ಬ್ರಿಟನ್ನಿನ ಲೇಬರ್ ಪಕ್ಷ 2015ರಲ್ಲಿ 3 ಪೌಂಡ್ ಕೊಟ್ಟ ಬೆಂಬಲಿಗರಿಗೂ ನಾಯಕನ ಆಯ್ಕೆಯಲ್ಲಿ ಮತ ಕೊಟ್ಟಿತು, ಸಂಸದರು ಬಯಸದ ಜೆರೆಮಿ ಕಾರ್ಬಿನ್ ಗೆದ್ದರು. ಮರುವರ್ಷ ಸಂಸದರು 172–40 ಮತಗಳಿಂದ ಅವರ ಮೇಲೆ ಅವಿಶ್ವಾಸ ತೋರಿಸಿದರು, ಬೆಂಬಲಿಗರ ಶುಲ್ಕವನ್ನು 25 ಪೌಂಡಿಗೆ ಏರಿಸಲಾಯಿತು. ಆದರೂ ಸದಸ್ಯರು ಅವರನ್ನೇ ಮತ್ತೆ ಆರಿಸಿದರು.

ಕದ್ರಾ ಹಿನ್ನೀರು

ಹಿರಿಯರೇ, ನೀವು ಕೊಟ್ಟ ಉದಾಹರಣೆಯಲ್ಲೇ ನನ್ನ ಆತಂಕವೂ ಇದೆ. ಸಣ್ಣ ದಾನಿಗಳ ಬಲದಿಂದ ಬಂದ ನಾಯಕನಿಗೆ ತನ್ನ ಪಕ್ಷದ ಶಾಸಕರೇ ಜೊತೆಯಿಲ್ಲದಿದ್ದರೆ ಆಡಳಿತ ನಡೆಯುವುದು ಹೇಗೆ? ಅಮೆರಿಕದ ಜನಪ್ರತಿನಿಧಿ ಸಭೆಯಲ್ಲಿ 2023ರ ಅಕ್ಟೋಬರ್ 3ರಂದು ಸ್ಪೀಕರ್ ಕೆವಿನ್ ಮೆಕಾರ್ಥಿ ಪದಚ್ಯುತರಾದರು. ತಮ್ಮ ಪಕ್ಷಕ್ಕಾಗಿ ಅಪಾರ ಹಣ ಕೂಡಿಸುತ್ತಿದ್ದವರು ಅವರು. ಅವರ ವಿರುದ್ಧ ಗೊತ್ತುವಳಿ ತಂದ ಮ್ಯಾಟ್ ಗೇಟ್ಸ್ ಅವರದೇ ಪಕ್ಷದವರು, ಸಂಘಟಿತ ಹಿತಾಸಕ್ತಿಗಳ ನಿಧಿಯಿಂದ ದೇಣಿಗೆ ಸ್ವೀಕರಿಸುವುದಿಲ್ಲವೆಂದು 2020ರಲ್ಲಿಯೇ ಘೋಷಿಸಿದ್ದವರು. ವಿರೋಧ ಪಕ್ಷದ ಜೊತೆ ಸ್ವಪಕ್ಷದ 8 ಮತಗಳು ಸೇರಿದ್ದರಿಂದ ಸ್ಪೀಕರ್ ಸ್ಥಾನ ಹೋಯಿತು. ನಾಯಕತ್ವದ ಹಣ ಬೇಡದವನಿಗೆ ನಾಯಕತ್ವದ ಶಿಸ್ತೂ ಬೇಡ. ದೂರದಲ್ಲಿ ಕುಳಿತು ಫೋನಿನಿಂದ ಹಣ ಕಳುಹಿಸುವವನನ್ನು ತಲುಪುವುದು ಗಟ್ಟಿ ದನಿಯ ಮಾತು; ಸಮಿತಿಯಲ್ಲಿ ಕುಳಿತು ರಸ್ತೆ, ಆಸ್ಪತ್ರೆಗಾಗಿ ರಾಜಿ ಮಾಡಿಸುವವರ ಕೆಲಸ ಅವನಿಗೆ ಕಾಣುವುದೇ ಇಲ್ಲ.

ಅಘನಾಶಿನಿ ತೀರ, ಕುಮಟಾ

ಕದ್ರಾದವರೇ, ನಿಮ್ಮ ಆತಂಕ ದೂರದ ದಾನಿಗೆ ಸಲ್ಲುತ್ತದೆ, ಊರಿನ ದಾನಿಗಲ್ಲ. ಅಮೆರಿಕದಲ್ಲಿ ಒಂದು ಕ್ಷೇತ್ರಕ್ಕೆ ಇನ್ನೊಂದು ರಾಜ್ಯದಿಂದ ಹಣ ಬರುತ್ತದೆ, ಅದಕ್ಕೇ ಅಲ್ಲಿ ಗದ್ದಲಕ್ಕೆ ಬೆಲೆ. ಬಿಹಾರದ ಬೇಗುಸರಾಯ್‌ನಲ್ಲಿ 2019ರಲ್ಲಿ ಕನ್ಹಯ್ಯ ಕುಮಾರ್ ಅಂತರ್ಜಾಲದಲ್ಲಿ 70 ಲಕ್ಷ ಕೂಡಿಸಿದರು, ಆಗ ಲೋಕಸಭಾ ಅಭ್ಯರ್ಥಿಯ ಖರ್ಚಿಗೆ ಮಿತಿ ಇದ್ದದ್ದೇ ಅಷ್ಟು. ದೇಶದೆಲ್ಲೆಡೆಯಿಂದ ಹಣ ಬಂದಿತು, ಮತ ಬರಲಿಲ್ಲ. ಆದರೆ ಮೇಲುಕೋಟೆಯಲ್ಲಿ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ 2013ರಲ್ಲಿ ಗೆದ್ದಾಗ ಅವರ ಹಿಂದೆ ಇದ್ದದ್ದು ಅದೇ ಕ್ಷೇತ್ರದ ಹಳ್ಳಿಗಳು. ತಮ್ಮ ಮನೆಯ ಮುಂದಿನ ಕಾಲುವೆಯಲ್ಲಿ ನೀರು ಬಂತೋ ಇಲ್ಲವೋ ಎಂಬುದನ್ನು ಕೊಟ್ಟವರೇ ನೋಡುತ್ತಿರುತ್ತಾರೆ.

ದುಬೈ ನಿವಾಸಿ, ಮೂಲತಃ ಭಟ್ಕಳ

ಹಾಗಾದರೆ ಊರು ಬಿಟ್ಟು ದುಡಿಯಲು ಬಂದ ನಮ್ಮಂಥವರು ಕೊಡಬಾರದೆ? ನಮ್ಮ ಮನೆ, ಮತ, ತಂದೆತಾಯಿ ಎಲ್ಲರೂ ಅಲ್ಲೇ ಇದ್ದಾರೆ. ಇದಕ್ಕೆ ಕಾನೂನಿನ ಅಡ್ಡಿ ಇದೆಯೇ ಎಂಬುದನ್ನೂ ಬಲ್ಲವರು ತಿಳಿಸಬೇಕು.

ಕೋರ್ಟ್ ರಸ್ತೆ, ಶಿರಸಿ

ಭಟ್ಕಳದವರಿಗೆ: ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರ ಪ್ರಕಾರ ಪಕ್ಷವಾಗಲಿ ಅಭ್ಯರ್ಥಿಯಾಗಲಿ ವಿದೇಶಿ ಮೂಲದ ಹಣ ಪಡೆಯುವಂತಿಲ್ಲ. ಆದರೆ ನಿಮ್ಮಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ದುಡಿಮೆಯ ಉಳಿತಾಯವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಡುವಂತಿಲ್ಲ. ಹಾಗೆಯೇ ಸರ್ಕಾರಿ ನೌಕರರ ಬಳಿ ವಂತಿಗೆ ಕೇಳಲು ಹೋಗಬೇಡಿ. 1964ರ ಕೇಂದ್ರ ನಡತೆ ನಿಯಮಗಳ 5ನೇ ನಿಯಮ ರಾಜಕೀಯ ಚಟುವಟಿಕೆಗೆ ಹಣ ಕೊಡುವುದನ್ನೇ ತಡೆಯುತ್ತದೆ. ಕೇಂದ್ರ ಸರ್ಕಾರಿ ನೌಕರರು ಹೆಚ್ಚಿರುವ ಕಾರವಾರದಂತಹ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

ಕಾನೂನು ಪಕ್ಷದ ಕಡೆಗೇ ವಾಲಿದೆ ಎಂಬುದನ್ನೂ ಗಮನಿಸಿ. ಆದಾಯ ತೆರಿಗೆ ಕಾಯ್ದೆಯ ಅಡಿ ಪಕ್ಷಕ್ಕೋ ಚುನಾವಣಾ ಟ್ರಸ್ಟ್‌ಗೋ ನಗದಲ್ಲದ ರೂಪದಲ್ಲಿ ಕೊಟ್ಟವರಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಇದೆ, ಪಕ್ಷೇತರ ಅಭ್ಯರ್ಥಿಗೆ ಕೊಟ್ಟವರಿಗೆ ಇಲ್ಲ. ಪಕ್ಷ 20,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಗಳನ್ನಷ್ಟೇ ಚುನಾವಣಾ ಆಯೋಗಕ್ಕೆ ಹೆಸರು ಸಮೇತ ತಿಳಿಸಬೇಕು. ಅಭ್ಯರ್ಥಿಯಾದರೆ ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಸ್ವಂತ ಹಣ ಎಷ್ಟು, ಪಕ್ಷದ್ದು ಎಷ್ಟು, ಇತರರ ದೇಣಿಗೆ ಎಷ್ಟು ಎಂದು ಬಿಡಿಸಿ, ಫಲಿತಾಂಶದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ಕೆಳಮಟ್ಟದ ವಂತಿಗೆಗೆ ಇದಕ್ಕಿಂತ ಒಳ್ಳೆಯ ರಸೀದಿ ಪುಸ್ತಕ ಬೇಕಾಗಿಲ್ಲ.

ಟೊಂಕದ ಅಲೆ, ಕಾಸರಕೋಡು

ನಮ್ಮ ಕರಾವಳಿಯಲ್ಲಿ ಹೋರಾಟಗಳಿಗೆ ಜನ ಹಣ ಕೊಡುತ್ತಲೇ ಬಂದಿದ್ದಾರೆ. ಬಂದರಿನ ವಿರುದ್ಧ ಮೀನುಗಾರರು ನಡೆಸಿದ ಹೋರಾಟದಲ್ಲಿ ವಕೀಲರ ಖರ್ಚಿಗೂ ಪ್ರಯಾಣಕ್ಕೂ ದೋಣಿಯವರೇ ಕೂಡಿಸಿದರು. ಅದೇ ಜನ ಚುನಾವಣೆ ಬಂದಾಗ ಕೊಡುವವರ ಸಾಲಿನಿಂದ ಪಡೆಯುವವರ ಸಾಲಿಗೆ ಹೋಗುತ್ತಾರೆ. ಕೈಗಾ ಅಣುಸ್ಥಾವರವನ್ನು ವಿರೋಧಿಸಿದ್ದ ಶಿವರಾಮ ಕಾರಂತರು 1989ರಲ್ಲಿ ಇದೇ ಲೋಕಸಭಾ ಕ್ಷೇತ್ರದಲ್ಲಿ ನಿಂತು ಸೋತರು. ದಿನಕರ ದೇಸಾಯಿಯವರು 1967ರಲ್ಲಿ ಇಲ್ಲಿಂದಲೇ ಪಕ್ಷೇತರರಾಗಿ ಗೆದ್ದಿದ್ದರು. ದೇಸಾಯಿಯವರ ಹಿಂದೆ ರೈತ ಹೋರಾಟ ಮತ್ತು 1953ರಲ್ಲಿ ಆರಂಭವಾದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳ ಮೂಲಕ ಮನೆಮನೆಯ ಪರಿಚಯವಿತ್ತು. ವಂತಿಗೆಗೂ ಮತಕ್ಕೂ ಅಂತಹ ವರ್ಷಗಟ್ಟಲೆಯ ಸಂಬಂಧ ಬೇಕು ಎಂದು ನನಗೆ ತೋರುತ್ತದೆ.

ಬನವಾಸಿ ರಸ್ತೆ

ಗೆದ್ದ ಮೇಲೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಅಂದರೆ ವಿಪ್ ಇದೆಯಲ್ಲ? 1985ರ ಪಕ್ಷಾಂತರ ನಿಷೇಧ ಕಾಯ್ದೆಯಿಂದಾಗಿ ಊರಿನ ಹಣದಲ್ಲಿ ಗೆದ್ದವನೂ ಪಕ್ಷ ಹೇಳಿದಂತೆ ಮತ ಹಾಕದಿದ್ದರೆ ಸ್ಥಾನ ಕಳೆದುಕೊಳ್ಳುತ್ತಾನೆ.

ಕೋರ್ಟ್ ರಸ್ತೆ, ಶಿರಸಿ

ನಿಜ, ಆದರೆ ವಿಪ್ ಅನ್ವಯಿಸುವುದು ಸದನದಲ್ಲಿ ಮತ ಹಾಕುವಾಗ. ಪಕ್ಷದ ಸಭೆಯಲ್ಲಿ ಬೇಡ್ತಿ ಯೋಜನೆಯ ಬಗ್ಗೆಯೋ ಜಿಲ್ಲೆಯ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬಗ್ಗೆಯೋ ಗಟ್ಟಿಯಾಗಿ ಕೇಳುವುದನ್ನು ಯಾವ ಕಾಯ್ದೆಯೂ ತಡೆಯುವುದಿಲ್ಲ. ಅಲ್ಲಿ ತಡೆಯುವುದು ಮುಂದಿನ ಟಿಕೆಟ್ಟಿನ ಭಯ ಮತ್ತು ಮುಂದಿನ ಚುನಾವಣೆಯ ಖರ್ಚಿನ ಭಯ. ಎರಡರಲ್ಲಿ ಒಂದು ಭಯವನ್ನು ಊರು ತೆಗೆಯಬಹುದು.

ಬೂತ್ ಹುಡುಗ, ಅಂಕೋಲಾ

ಈ ಎಲ್ಲ ಮಾತುಗಳಲ್ಲಿ ಸಮಯದ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ಬಿ ಫಾರಂ ಬಂದ ಮೇಲೆ ವಂತಿಗೆ ಎತ್ತಿದರೆ ಅದು ಮೇಲಿನವರು ಆರಿಸಿದವನಿಗೆ ನಾವು ಮಾಡುವ ಸೇವೆ. ಬಿ ಫಾರಂಗೆ ಒಂದು ವರ್ಷ ಮೊದಲೇ ತಾಲ್ಲೂಕು ಮಟ್ಟದಲ್ಲಿ ಹಣ ಕೂಡಿಸಿ, ಕೊಟ್ಟವರೆಲ್ಲ ಸಭೆ ಸೇರಿ ಒಬ್ಬರ ಹೆಸರು ಹೇಳಿದರೆ, ‘ಈ ಹಣವೂ ಈ ಜನವೂ ಈ ಹೆಸರಿನೊಂದಿಗೆ ಬರುತ್ತವೆ’ ಎಂದು ಪಕ್ಷಕ್ಕೆ ಹೇಳಬಹುದು. ಆಗ ಮಾತ್ರ ಮೇಲಿನವರು ನಮ್ಮೊಂದಿಗೆ ಚೌಕಾಸಿಗೆ ಕೂರಬೇಕಾಗುತ್ತದೆ.

ಶರಾವತಿ ದಂಡೆಯ ಅಕ್ಕ, ಹೊನ್ನಾವರ

ಪಕ್ಷ ಬೇರೆಯವರಿಗೆ ಟಿಕೆಟ್ ಕೊಟ್ಟರೆ ಆ ಹಣ ಏನಾಗಬೇಕು?

ಘಟ್ಟದ ಅಂಚು, ಶಿರಸಿ

ಅಕ್ಕ, ಮೂರು ದಾರಿಗಳು ತೋರುತ್ತವೆ: ಹಣ ಮರಳಿಸುವುದು, ಅದೇ ವ್ಯಕ್ತಿಯನ್ನು ಪಕ್ಷೇತರರಾಗಿ ನಿಲ್ಲಿಸುವುದು, ಅಥವಾ ಪಕ್ಷ ಆರಿಸಿದವರಿಗೇ ಷರತ್ತಿನ ಮೇಲೆ ಕೊಡುವುದು. ಇದನ್ನು ಮೊದಲ ರಸೀದಿ ಹರಿಯುವ ಮುಂಚೆಯೇ ಬರೆದಿಡಬೇಕು, ಮತ್ತು ಆ ಬರಹ ರಸೀದಿಯ ಹಿಂಬದಿಯಲ್ಲೇ ಅಚ್ಚಾಗಿರಬೇಕು. ನನ್ನ ಒಲವು ಮೊದಲ ದಾರಿಯ ಕಡೆಗಿದೆ, ಏಕೆಂದರೆ ಹಣ ಹಿಂದಕ್ಕೆ ಹೋಗುತ್ತದೆ ಎಂಬುದು ಗೊತ್ತಿದ್ದರೆ ಮಾತ್ರ ಪಕ್ಷ ನಮ್ಮ ಹೆಸರನ್ನು ಲಘುವಾಗಿ ತಳ್ಳಿಹಾಕಲಾರದು. ಕೋರ್ಟ್ ರಸ್ತೆಯವರು ಇಂತಹ ಖಾತೆಯನ್ನು ಯಾವ ರೂಪದಲ್ಲಿ ತೆರೆಯಬಹುದು, ಸಂಘವಾಗಿ ನೋಂದಾಯಿಸಬೇಕೋ ಬೇಡವೋ ಎಂಬುದನ್ನು ವಿವರವಾಗಿ ಬರೆಯಲಿ ಎಂದು ಕೇಳಿಕೊಳ್ಳುತ್ತೇನೆ.

ಕೋರ್ಟ್ ರಸ್ತೆ, ಶಿರಸಿ

ಬರೆಯುತ್ತೇನೆ. ಅದಕ್ಕೆ ಮೊದಲು ಒಂದು ವಿಷಯ ಇತ್ಯರ್ಥವಾಗಲಿ: ಒಬ್ಬರಿಂದ ಗರಿಷ್ಠ ಎಷ್ಟು ಎಂಬ ಮೇಲ್ಮಿತಿ. ನಾನು 2,000 ರೂಪಾಯಿ ಎನ್ನುತ್ತೇನೆ, ಅದೂ ನಗದು ಬೇಡ. ಬೇರೆಯವರು ತಮ್ಮ ಮೊತ್ತವನ್ನೂ ಕಾರಣವನ್ನೂ ತಿಳಿಸಿ.

ಟೊಂಕದ ಅಲೆ, ಕಾಸರಕೋಡು

2,000 ನಮ್ಮ ಕಡೆಯ ಮೀನು ಮಾರುವ ಹೆಂಗಸರಿಗೆ ಹೆಚ್ಚು, 500 ಮಾಡಿ. ಮಳೆಗಾಲದ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಕೇಳಲು ಬರಬೇಡಿ, ದೋಣಿ ಕಡಲಿಗೆ ಇಳಿದ ಮೇಲೆ ಬನ್ನಿ.